ಹುತ್ತ, ಎರೆಹುಳು, ಗೋಡೆಯ ಅರಳಿ: ಜೀವಿಗಳು ತಾವಿರುವ ಜಾಗವನ್ನು ಬದಲಿಸುವ ಪಾಠದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಕಡೆಯ ಹಳ್ಳಿಯೊಂದರಲ್ಲಿ ನಲಿ-ಕಲಿ ಮಕ್ಕಳ ಜೊತೆ ಬಹಳ ವರ್ಷ ನೆಲದ ಮೇಲೆ ಕೂತು ಪಾಠ ಮಾಡಿದವಳು ನಾನು. ಪರಿಸರ ಅಧ್ಯಯನದ ಈ ಭಾಗ ಬಂದಾಗಲೆಲ್ಲ ಹೊಸ ಶಿಕ್ಷಕಿಯರು, ಅಂಗನವಾಡಿಯವರು, ಮಕ್ಕಳ ಅಪ್ಪ ಅಮ್ಮಂದಿರು ಅದದೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಪ್ರಶ್ನೆಗೆ ಎರಡು ಸಾಲು ಸಾಕಾಯಿತು. ಹುತ್ತದ ವಿಷಯ ಬಂದಾಗ ಮಾತ್ರ ಕೈ ನಿಲ್ಲಲಿಲ್ಲ, ಕ್ಷಮಿಸಿ.

ಅಷ್ಟಕ್ಕೂ ಈ ಪಾಠದ ತಿರುಳೇನು?

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ ಎಂದು ಕೊಂಕು ಮಾತಾಗಿ ಹೇಳುತ್ತೇವಲ್ಲ, ಪಾಠವೆಲ್ಲ ಆ ಗಾದೆಯಲ್ಲೇ ಇದೆ. ಗೆದ್ದಲಿಗೆ ಗೂಡು ಬೇಕಿತ್ತು, ಮಣ್ಣು ಮೇಲೆತ್ತಿತು. ಸಮತಟ್ಟಾಗಿದ್ದ ನೆಲ ದಿಬ್ಬವಾಯಿತು. ಗೆದ್ದಲು ಖಾಲಿ ಮಾಡಿದ ಮೇಲೆ ಅದು ಹಾವಿಗೋ ಉಡಕ್ಕೋ ಮನೆಯಾಯಿತು. ಜೀವಿ ತನಗೆ ಬೇಕಾದ್ದಕ್ಕಾಗಿ ತಾನಿರುವ ಜಾಗವನ್ನು ಬದಲಿಸುತ್ತದೆ, ಆ ಬದಲಾವಣೆ ಇನ್ನೊಬ್ಬರಿಗೂ ತಾಗುತ್ತದೆ. ಇಷ್ಟೇ. 1994ರಲ್ಲಿ ಕ್ಲೈವ್ ಜೋನ್ಸ್, ಜಾನ್ ಲಾಟನ್, ಮೋಶೆ ಶಾಚಕ್ ಎಂಬ ಮೂವರು ವಿಜ್ಞಾನಿಗಳು ಇಂಥ ಜೀವಿಗಳನ್ನು ಪರಿಸರ ವ್ಯವಸ್ಥೆಯ ಎಂಜಿನಿಯರುಗಳು ಎಂದು ಕರೆದರು. ಆರು ವರ್ಷದ ಮಗುವಿಗೆ ಆ ಹೆಸರು ಬೇಡ, ಗಾದೆ ಸಾಕು.

ಪರಿಸರ ಅಂದ ಕೂಡಲೇ ಮಕ್ಕಳೆಲ್ಲ "ಗಿಡ ನೆಡಬೇಕು, ಪ್ಲಾಸ್ಟಿಕ್ ಹಾಕಬಾರದು" ಎಂದು ಕೂಗುತ್ತಾರೆ. ಪಾಠ ಅಲ್ಲಿಗೇ ಮುಗಿಯುತ್ತೆ. ಏನು ಮಾಡಲಿ?

ಆ ಪದವನ್ನೇ ಮೊದಲ ವಾರ ಬಾಯಿಗೆ ತರಬೇಡಿ. ಜೂನ್ 5ರ ಭಾಷಣ ಕೇಳಿ ಕೇಳಿ ಮಕ್ಕಳಿಗೆ ಪರಿಸರ ಅಂದರೆ ಒಂದು ಘೋಷಣೆಯಾಗಿಬಿಟ್ಟಿದೆ. ನಾನು "ಜಾಗ" ಎನ್ನುತ್ತೇನೆ. ಈ ಜಾಗ ಮೊದಲು ಹೇಗಿತ್ತು? ಈಗ ಹೇಗಿದೆ? ಯಾರು ಮಾಡಿದ್ದು, ಅವರಿಗೆ ಏನು ಬೇಕಿತ್ತು? ಆಮೇಲೆ ಇನ್ಯಾರಿಗೆ ಏನಾಯಿತು? ಈ ಪ್ರಶ್ನೆಗಳನ್ನು ಹಾಡಿನ ಹಾಗೆ ದಿನಾ ಕೇಳಿದರೆ ಹದಿನೈದು ದಿನಕ್ಕೆ ಮಕ್ಕಳೇ ನಮ್ಮನ್ನು ಕೇಳಲು ಶುರು ಮಾಡುತ್ತಾರೆ. ಜೊತೆಗೆ ಒಂದು ಬಾಲಂಗೋಚಿ: "ನಿಂಗೆ ಹೆಂಗೊತ್ತು?" ಇದನ್ನು ಗದರುವ ದನಿಯಲ್ಲಿ ಕೇಳಿದರೆ ಮಗು ಮುದುಡುತ್ತದೆ, ಕುತೂಹಲದಲ್ಲಿ ಕೇಳಿದರೆ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತದೆ. ಆ ಎಳೆದುಕೊಂಡು ಹೋಗುವುದೇ ಸಾಕ್ಷಿ ಕೊಡುವುದು.

ಯಾವ ವಯಸ್ಸಿಗೆ ಎಷ್ಟು?

ಅಂಗನವಾಡಿ, ಎಲ್‌ಕೆಜಿ ಮಕ್ಕಳಿಗೆ ನೋಡುವುದು, ಮುಟ್ಟುವುದು, ಹೇಳುವುದು ಸಾಕು. ಒಂದು, ಎರಡನೇ ತರಗತಿಯವರು ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ಎರಡು ಚಿತ್ರ ಬರೆಯಬಲ್ಲರು. ಮೂರನೆಯವರು ವಾದ ಮಾಡಬಲ್ಲರು. ಮಾಡಲಿ ಬಿಡಿ, ಗಲಾಟೆಯಾದರೂ ಪರವಾಗಿಲ್ಲ.

ಎಲ್ಲಿಂದ ಶುರು ಮಾಡಲಿ?

ಶಾಲೆಯ ನೂರು ಹೆಜ್ಜೆಯೊಳಗೆ ಹುತ್ತ ಇದ್ದರೆ ಬೇರೆ ಯೋಚನೆಯೇ ಬೇಡ.

ನಮ್ಮ ಶಾಲೆಯ ಹಿಂದೆ ಬೇವಿನ ಮರದ ಪಕ್ಕ ಒಂದಿತ್ತು, ಎರಡನೇ ತರಗತಿಯ ಮಗುವಿನ ಹೆಗಲೆತ್ತರ. ಮೊದಲ ದಿನ ಹತ್ತು ಹೆಜ್ಜೆ ದೂರ ನಿಲ್ಲಿಸಿ, ಸುಮ್ಮನೆ ನೋಡಿ ಎಂದೆ. ಹಾವಿನ ಮಾತೇ ಹತ್ತು ನಿಮಿಷ ನಡೆಯಿತು. ಆಮೇಲೆ ಹಿಂದೆ ನಿಂತಿದ್ದ, ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ "ಮಿಸ್, ಅದ್ರ ಬಣ್ಣ ಬ್ಯಾರೆ" ಎಂದ. ಹೌದಲ್ಲ! ಸುತ್ತಲಿನ ನೆಲ ಬೂದು, ಹುತ್ತ ಇಟ್ಟಿಗೆ ಕೆಂಪು. ವರ್ಷಗಟ್ಟಲೆ ಅದರ ಪಕ್ಕದಲ್ಲಿ ಓಡಾಡಿದ ನನಗೆ ಕಂಡಿರಲಿಲ್ಲ.

ಕೆಂಪು ಮಣ್ಣು ಎಲ್ಲಿಂದ ಬಂತು? ಒಬ್ಬಳು ಗೆದ್ದಲು ಬಣ್ಣ ಬಳಿದಿದೆ ಎಂದಳು. ಇನ್ನೊಬ್ಬ ಬೇರೆ ಊರಿಂದ ತಂದಿವೆ ಎಂದ. ನಾನು ಉತ್ತರ ಹೇಳಲಿಲ್ಲ. ಅದೃಷ್ಟಕ್ಕೆ ಆ ವಾರವೇ ರಸ್ತೆ ಬದಿಯಲ್ಲಿ ಕರೆಂಟ್ ಕಂಬಕ್ಕೆ ಗುಂಡಿ ತೋಡಿದ್ದರು. ಮೂರಡಿ ಕೆಳಗಿನ ಮಣ್ಣು ನೋಡಿದರೆ ಅದೇ ಕೆಂಪು. ಮಕ್ಕಳು ಒಂದೊಂದು ಹಿಡಿ ತಂದು ಹುತ್ತದ ಕೆಳಗೆ ಬಿದ್ದಿದ್ದ ಹೆಂಟೆಯ ಪಕ್ಕ ಇಟ್ಟು ನೋಡಿದರು. ಗೆದ್ದಲು ಕೆಳಗಿನ ಮಣ್ಣನ್ನು ಮೇಲಕ್ಕೆ ತಂದಿದೆ ಎಂದು ನಾನು ಹೇಳಬೇಕಾಗಲಿಲ್ಲ.

ಮಳೆಗಾಲದಲ್ಲಿ ಇನ್ನೂ ಸೊಗಸು. ರಾತ್ರಿ ಮಳೆಗೆ ಒಂದು ಮೂಲೆ ಕರಗಿರುತ್ತದೆ; ಎರಡು ದಿನ ಬಿಟ್ಟು ನೋಡಿದರೆ ಅಲ್ಲೊಂದು ಒದ್ದೆ ಮಣ್ಣಿನ ತೇಪೆ. ಗೆದ್ದಲು ಮಣ್ಣಿಗೆ ಎಂಜಲು ಕಲಸಿ ಗೋಡೆ ಕಟ್ಟುತ್ತದೆ ಎಂದರೆ ಮಕ್ಕಳು ಮೊದಲು "ಛೀ" ಎನ್ನುತ್ತಾರೆ, ಆಮೇಲೆ ಉಗುಳಿ ಮಣ್ಣು ಕಲಸಿ ನೋಡುತ್ತಾರೆ. ತಡೆಯಬೇಡಿ, ಕೈ ತೊಳೆಸಿ. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲು ಒಳಗೆ ಬೇಸಾಯವನ್ನೂ ಮಾಡುತ್ತದೆ. ತಿಂದ ಸೌದೆ, ಒಣ ಎಲೆಯ ಹಿಕ್ಕೆಯನ್ನು ಗೂಡುಗೂಡಾಗಿ ಪೇರಿಸಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ಅದನ್ನೇ ಉಣ್ಣುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಮೈಮೇಲೆ ಏಳುವ ಅಣಬೆ ಆ ಹೊಲದ್ದೇ. ಅಣಬೆ ಕೀಳಲು ಬೆಳಗಿನ ಜಾವ ಓಡಿದ ಅನುಭವ ಇರುವ ಮಗು ತರಗತಿಯಲ್ಲಿ ಒಂದಾದರೂ ಇರುತ್ತದೆ. ಅವತ್ತಿನ ಪಾಠ ಆ ಮಗುವಿಗೆ ಬಿಟ್ಟುಕೊಡಿ.

ಹುತ್ತದ ಹತ್ತಿರ ಕರೆದುಕೊಂಡು ಹೋಗುವುದು ಅಪಾಯವಲ್ಲವೇ? ಒಳಗೇನಿದೆ ಎಂದು ತೋರಿಸಲು ಸ್ವಲ್ಪ ಒಡೆಯಬಹುದೇ?

ಅಪಾಯ ಇದೆ, ಆದ್ದರಿಂದಲೇ ಹತ್ತು ಹೆಜ್ಜೆ. ಬಿಲಕ್ಕೆ ಕಡ್ಡಿ ಹಾಕಬಾರದು, ಕೈಯಂತೂ ಹಾಕಲೇಬಾರದು. ಮುಸ್ಸಂಜೆ ಹೋಗಬೇಡಿ. ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ ಇರಲಿ.

ಒಡೆಯಬೇಡಿ. ಒಂದು ಗುದ್ದಲಿ ಏಟಿಗೆ ಮಕ್ಕಳಿಗೆ ಬಿಳಿ ಹುಳು ಕಾಣುತ್ತದೆ ನಿಜ, ಆದರೆ ಅವರು ಕಲಿಯುವುದು ಒಡೆಯಬಹುದು ಅನ್ನುವುದನ್ನು. ಒಳಗಿನದ್ದು ನೋಡಲೇಬೇಕೆಂದಿದ್ದರೆ ಹಳೇ ಬೇಲಿಯ ಗೂಟ ಒಂದನ್ನು ಕಿತ್ತು ತಿರುಗಿಸಿ. ಗೆದ್ದಲು, ಅದರ ಮಣ್ಣಿನ ಸುರಂಗ ಎರಡೂ ಸಿಗುತ್ತವೆ.

ಹುತ್ತಕ್ಕೆ ಪೂಜೆ ಮಾಡುವ ಮನೆಯ ಮಕ್ಕಳಿಗೆ ಅದು ಗೆದ್ದಲು ಕಟ್ಟಿದ್ದು ಎಂದರೆ ಹಿರಿಯರು ಬೇಸರ ಮಾಡಿಕೊಳ್ಳುವುದಿಲ್ಲವೇ?

ನನಗೆ ಒಂದು ಸಲವೂ ಹಾಗಾಗಿಲ್ಲ. ಗಾದೆ ಹುಟ್ಟಿಸಿದವರೇ ಅವರು, ಅವರಿಗೆ ಗೊತ್ತಿಲ್ಲದ್ದೇನು? ಅಜ್ಜಿಯೊಬ್ಬರನ್ನು ತರಗತಿಗೆ ಕರೆಸಿ, ಹುತ್ತದ ಮಣ್ಣು ಯಾವುದಕ್ಕೆಲ್ಲ ಬೇಕು ಎಂದು ಮಕ್ಕಳಿಂದ ಕೇಳಿಸಿ. ನಮ್ಮಲ್ಲಿಗೆ ಬಂದ ಅಜ್ಜಿ ಒಲೆ ಹಾಕುವುದು, ಗೋಡೆ ಮೆತ್ತುವುದು, ಮದುವೆ ಶಾಸ್ತ್ರಕ್ಕೆ ಮಣ್ಣು ತರುವುದು ಎಲ್ಲ ಹೇಳಿ, "ಗೆದ್ಲು ನುಣ್ಣುಗ್ ಅರ್ದು ಕೊಟ್ಟಿರ್ತದಲ್ಲವ್ವ, ಜರಡಿ ಹಿಡಿಯೋದೇ ಬ್ಯಾಡ" ಎಂದರು. ಆಮೇಲೆ ಯಾರಿಗೆ ಏನಾಯಿತು ಎಂಬ ನನ್ನ ಕೊನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಗಬೇಕು!

ಎರೆಹುಳುವಿನ ಬಾಟಲಿ ಪ್ರಯೋಗ ಮಾಡಿದೆ, ಏನೂ ಆಗಲಿಲ್ಲ. ಯಾಕೆ?

ಬಹುಮಟ್ಟಿಗೆ ಎರೆಗೊಬ್ಬರದ ತೊಟ್ಟಿಯಿಂದ ಹುಳು ತಂದಿರುತ್ತೀರಿ. ಗೊಬ್ಬರ ಮಾಡಲು ಸಾಕುವ ಹುಳು ಮೇಲಿನ ಕಸದಲ್ಲೇ ಇರುವ ಜಾತಿ. ಅದಕ್ಕೆ ಆಳಕ್ಕೆ ಇಳಿಯುವ ಅಭ್ಯಾಸವಿಲ್ಲ, ಬಾಟಲಿಯ ಪದರ ಕಲಸುವುದಿಲ್ಲ. ತೋಟದ ಮಣ್ಣಲ್ಲಿ, ನಲ್ಲಿ ನೀರು ಹರಿಯುವ ಕಡೆ, ಬಾಳೆ ಬುಡದಲ್ಲಿ ಅಗೆದಾಗ ಸಿಗುವ ಹುಳು ಬೇಕು.

ಮಾಡುವ ಬಗೆ: ಎರಡು ಲೀಟರಿನ ಎರಡು ಬಾಟಲಿಯ ಕತ್ತು ಕತ್ತರಿಸಿ, ತಳಕ್ಕೆ ಸಣ್ಣ ತೂತು ಹಾಕಿ. ಮರಳು ಒಂದು ಪದರ, ಕೆಂಪು ಮಣ್ಣು ಒಂದು ಪದರ, ಮತ್ತೆ ಮರಳು, ಮತ್ತೆ ಮಣ್ಣು. ಮೇಲೆ ಒಣಗಿದ ಎಲೆ. ಒಂದು ಬಾಟಲಿಗೆ ಐದಾರು ಹುಳು ಬಿಡಿ, ಇನ್ನೊಂದಕ್ಕೆ ಬೇಡ. ಈ ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಅದಿಲ್ಲದಿದ್ದರೆ "ನೀರು ಹಾಕಿದ್ದಕ್ಕೇ ಕಲಸಿಹೋಯ್ತು" ಎನ್ನುವ ಮಗುವಿಗೆ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ. ಎರಡಕ್ಕೂ ಕಪ್ಪು ಬಟ್ಟೆ ಸುತ್ತಿ, ದಿನಾ ಒಂದೇ ಅಳತೆಯ ನೀರು ಚಿಮುಕಿಸಿ ನೆರಳಿನಲ್ಲಿಡಿ. ಎರಡು ವಾರದಲ್ಲಿ ಗೆರೆಗಳು ಕದಡಿ, ಎಲೆ ಕೆಳಕ್ಕೆ ಎಳೆದಿರುವುದು ಕಾಣುತ್ತದೆ.

ನೆರಳು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಸಲ ಮಾರ್ಚ್ ಕೊನೆಯಲ್ಲಿ ಬಾಟಲಿಯನ್ನು ಕಿಟಕಿಯ ಮೇಲೆ ಇಟ್ಟು ಯುಗಾದಿ ರಜೆಗೆ ಹೋದೆ. ಬಂದು ನೋಡಿದರೆ ವಾಸನೆ. ಮಕ್ಕಳು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಮಳೆಗಾಲದಲ್ಲಿ ಮಾಡಿ, ಮುಗಿದ ದಿನ ಹುಳುವನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಬಿಟ್ಟು ಬನ್ನಿ.

ಡಾರ್ವಿನ್ ತಾತನ ಕಥೆಯನ್ನು ಇದರ ಜೊತೆಗೆ ಹೇಳಿ. ಇಂಗ್ಲೆಂಡಿನ ತನ್ನ ಮನೆಯ ಹತ್ತಿರದ ಹೊಲದಲ್ಲಿ 1842ರಲ್ಲಿ ಸೀಮೆಸುಣ್ಣದ ಚೂರು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಅಗೆಸಿ ನೋಡಿದ. ಸುಣ್ಣದ ಚೂರಿನ ಗೆರೆ ಏಳು ಇಂಚು ಕೆಳಗೆ ಹೋಗಿತ್ತು. ಹುಳುಗಳು ಕೆಳಗಿನ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕುತ್ತಾ ಹಾಕುತ್ತಾ ಅದನ್ನು ಮುಚ್ಚಿದ್ದವು. ಅವನು ಹುಳುಗಳಿಗೆ ಪಿಯಾನೋ ಕೂಡ ನುಡಿಸಿ ಕೇಳಿಸಿದ್ದ! ದೂರದ ಸಂಗೀತಕ್ಕೆ ಅವು ಅಲ್ಲಾಡಲಿಲ್ಲ. ಹುಳುವಿದ್ದ ಕುಂಡವನ್ನು ಪಿಯಾನೋ ಮೇಲೇ ಇಟ್ಟು ಅದರ ಒಂದು ಕೀ ಒತ್ತಿದಾಗ ಮಾತ್ರ ನಡುಕ ತಾಗಿ ಬಿಲಕ್ಕೆ ಓಡಿದವು. ನಮ್ಮ ಮಕ್ಕಳು ಹುಳುವಿನ ಮುಂದೆ ತಮಟೆ ಬಡಿಯಬೇಕೆಂದು ಹಟ ಹಿಡಿದರು. ಬೇಡ ಎಂದೆ, ತಟ್ಟೆ ಸಾಕು ಎಂದೆ.

"ಎರೆಹುಳು ರೈತನ ಮಿತ್ರ" ಎಂದು ಹೇಳಿಕೊಡುವುದು ಸರಿಯೇ?

ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡಿ. ಪಾಠದಲ್ಲಿ ಮಾತ್ರ ನನಗೆ ಆ ಮಾತು ಇಷ್ಟವಿಲ್ಲ. ಎರೆಹುಳು ಹೊಟ್ಟೆಪಾಡಿಗೆ ಮಣ್ಣು ತಿನ್ನುತ್ತದೆ, ರೈತನ ಮುಖವನ್ನೇ ಅದು ನೋಡಿಲ್ಲ. ಒಂದನ್ನು ಮಿತ್ರ ಎಂದ ಕೂಡಲೇ ಗದ್ದೆಯ ಬದುವಿಗೆ ತೂತು ಕೊರೆದು ನೀರೆಲ್ಲ ಸೋರಿಸುವ ಏಡಿ ಶತ್ರುವಾಗುತ್ತದೆ. ಏಡಿ ಮಾಡಿದ್ದೂ ಅದೇ ಕೆಲಸ: ತನಗೊಂದು ತಂಪು ಬಿಲ ಬೇಕಿತ್ತು, ತೋಡಿತು. ರೈತನಿಗೆ ಒಂದು ಕಡೆ ಲಾಭ, ಒಂದು ಕಡೆ ನಷ್ಟ. ಒಳ್ಳೆಯದು ಕೆಟ್ಟದ್ದು ಎಂದು ಅಂಟಿಸುವ ಮೊದಲು "ಯಾರಿಗೆ?" ಎಂದು ಕೇಳುವುದನ್ನು ಮಕ್ಕಳು ಕಲಿತರೆ ಸಾಕು. ಏಡಿ ಸಾರಿನ ರುಚಿ ಕಂಡವರ ಮನೆಯ ಮಗು ಹೇಗೂ ಮೂರನೇ ಉತ್ತರ ಕೊಡುತ್ತದೆ.

ಹೊಂದಾಣಿಕೆಯ ಪಾಠಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಕ್ಕಳು ಒಂಟೆಯ ಡುಬ್ಬ, ಮೀನಿನ ರೆಕ್ಕೆ ಎಲ್ಲ ಇಲ್ಲಿಗೇ ತರುತ್ತಾರೆ.

ಶಿಕ್ಷಕರೂ ತರುತ್ತಾರೆ. ನಾನು ಗೋಸುಂಬೆಯನ್ನೂ ಗೀಜಗವನ್ನೂ ಎದುರುಬದುರು ಇಡುತ್ತೇನೆ. ಗೋಸುಂಬೆ ತನ್ನ ಬಣ್ಣ ಬದಲಿಸುತ್ತದೆ, ಕೊಂಬೆ ಹಾಗೇ ಇರುತ್ತದೆ. ಗೀಜಗ ಹುಲ್ಲು ಸೀಳಿ ತಂದು ಈಚಲು ಗರಿಗೆ ನೇತುಹಾಕಿ ನೇಯುತ್ತದೆ. ಹಕ್ಕಿ ಹಾರಿಹೋದ ಮೇಲೂ ಗೂಡು ಗಾಳಿಗೆ ತೂಗುತ್ತಿರುತ್ತದೆ. ಹೀಗಾಗಿ ಮಕ್ಕಳಿಗೆ ಒಂದೇ ಕಟ್ಟಳೆ: ಪ್ರಾಣಿ ಹೊರಟುಹೋದ ಮೇಲೆ ಅದರ ಕೆಲಸ ಅಲ್ಲಿ ಉಳಿದಿದೆಯಾ? ಉಳಿದಿದ್ದರೆ ಅದು ಜಾಗ ಬದಲಿಸಿದೆ. ಎಲ್ಲ ಸಲವೂ ಈ ಕಟ್ಟಳೆ ನಿಲ್ಲುವುದಿಲ್ಲ, ಮರದ ನೆರಳು ಮರ ಹೋದರೆ ಹೋಗುತ್ತದೆ. ಏಳು ವರ್ಷಕ್ಕೆ ಇಷ್ಟು ಸಾಕು.

ಮಲೆನಾಡಿನವರಿಗೆ ಗೀಜಗಕ್ಕಿಂತ ಚಗಳಿ ಇರುವೆ ಹತ್ತಿರ. ಕೆಲವು ಇರುವೆಗಳು ಸಾಲಾಗಿ ನಿಂತು ಎರಡು ಎಲೆಯ ಅಂಚನ್ನು ಎಳೆದು ಹಿಡಿಯುತ್ತವೆ, ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿತ್ತ ಆಡಿಸುತ್ತವೆ. ಮರಿಹುಳು ಬಿಡುವ ರೇಷ್ಮೆ ಎಳೆಯೇ ಎಲೆ ಸೇರಿಸಿ ಗೂಡು ಹೊಲಿಯುವ ದಾರ. ಈ ಇರುವೆಯ ಚಟ್ನಿ ತಿಂದವರು ಕೂಡ ಅದರ ಹೊಲಿಗೆ ನೋಡಿರುವುದಿಲ್ಲ.

ಬರೀ ಪ್ರಾಣಿಗಳೇ ಆಯ್ತು. ಗಿಡಮರ ಹೇಗೆ ಜಾಗ ಬದಲಿಸುತ್ತೆ? ಅದು ನಿಂತಲ್ಲೇ ಇರುತ್ತಲ್ಲ?

ಇದು ಮಕ್ಕಳ ಪ್ರಶ್ನೆಯೂ ಹೌದು. ಶಾಲೆಯ ಕಾಂಪೌಂಡಿನಲ್ಲಿ, ನೀರಿನ ಟ್ಯಾಂಕಿನಲ್ಲಿ, ಹಳೇ ದೇವಸ್ಥಾನದ ಗೋಪುರದಲ್ಲಿ ಒಂದು ಅರಳಿ ಗಿಡ ಇದ್ದೇ ಇರುತ್ತದೆ, ಹುಡುಕಿ. ಯಾರೂ ನೆಟ್ಟಿದ್ದಲ್ಲ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿತು, ಬಿರುಕಿನಲ್ಲಿ ಬೀಜ ಮೊಳೆಯಿತು. ಬೇರಿಗೆ ನೀರು ಬೇಕು, ಬಿರುಕಿನೊಳಗೆ ಇಳಿಯಿತು, ದಪ್ಪವಾಗುತ್ತಾ ಗೋಡೆಯನ್ನು ಸೀಳಿತು. ನಾವು ಜೂನ್‌ನಲ್ಲಿ ಬಿರುಕಿನ ಎರಡು ತುದಿಗೂ ಬಳಪದಲ್ಲಿ ಗುರುತು ಹಾಕಿ ತಿಂಗಳಿಗೊಮ್ಮೆ ದಾರದಲ್ಲಿ ಅಳೆದೆವು. ಮಳೆಗೆ ಗುರುತು ಅಳಿಸಿಹೋಗಿ ಆಮೇಲೆ ಪೇಂಟ್ ಬಳಿದೆವು.

ಇನ್ನೊಂದು ಸುಲಭದ್ದು: ಹೆಸರು, ಅಲಸಂದೆ, ಅವರೆ, ಯಾವುದಾದರೂ ಒಂದು ಗಿಡವನ್ನು ಹೂ ಬಿಡುವ ಹೊತ್ತಿಗೆ ಮಣ್ಣು ಸಡಿಲಿಸಿ ಬೇರುಸಮೇತ ಎತ್ತಿ ನೀರಿನಲ್ಲಿ ಮೆಲ್ಲಗೆ ಅದ್ದಿ. ಬೇರಿನ ತುಂಬ ಸಣ್ಣ ಗಂಟು. ಉಗುರಿನಲ್ಲಿ ಒಂದನ್ನು ಸೀಳಿದರೆ ಒಳಗೆ ತಿಳಿಗೆಂಪು. ಆ ಗಂಟಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇದ್ದು ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತರುತ್ತವೆ. ರಾಗಿ ಹೊಲದಲ್ಲಿ ಅವರೆ, ತೊಗರಿಯನ್ನು ಅಕ್ಕಡಿ ಸಾಲು (ನಡುನಡುವೆ ಒಂದೊಂದು ಸಾಲು) ಹಾಕುವುದು ಬರೀ ಸಾರಿಗಾಗಿ ಅಲ್ಲ, ಮಣ್ಣಿಗೆ ಸತ್ವ ಸೇರಲೆಂದೂ ಹೌದು. ರೈತರ ಮಕ್ಕಳಿಗೆ ಇದನ್ನು ತೋರಿಸಿದ ದಿನ ಅವರು ಮನೆಗೆ ಹೋಗಿ ಅಪ್ಪನಿಗೆ ಪಾಠ ಮಾಡುತ್ತಾರೆ.

ನೆರಳಿಗೆ ಉಪಕರಣವೇ ಬೇಡ. ಮಧ್ಯಾಹ್ನ ಬರಿಗಾಲಲ್ಲಿ ಮೊದಲು ಸಿಮೆಂಟಿನ ಮೇಲೆ, ಆಮೇಲೆ ಹೊಂಗೆ ಮರದ ಕೆಳಗೆ ನಿಲ್ಲಿಸಿ (ಸಿಮೆಂಟಿನ ಮೇಲೆ ಒಂದೇ ಕ್ಷಣ, ಪಾದ ಸುಟ್ಟೀತು). ಕುಂದಾಪುರ, ಹೊನ್ನಾವರ ಕಡೆಯವರು ಕಾಂಡ್ಲಾ ಗಿಡ (ಹಿನ್ನೀರಿನ ಉಪ್ಪು ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ತೋರಿಸಬಹುದು. ಅದರ ಬೇರಿನ ಜಾಲಕ್ಕೆ ಸಿಕ್ಕಿ ನೀರಿನ ಓಟ ತಗ್ಗುತ್ತದೆ, ಕೆಸರು ಕೂರುತ್ತದೆ, ದಡ ಬೆಳೆಯುತ್ತದೆ, ಏಡಿ ಸೀಗಡಿಗೆ ಮರಿ ಮಾಡುವ ಜಾಗವಾಗುತ್ತದೆ. ಬೆಂಗಳೂರಿನವರಿಗೆ ಕೇತೋಹಳ್ಳಿಯ ದೊಡ್ಡ ಆಲದ ಮರ ಇದೆ. ಸುಮಾರು ಮೂರು ಎಕರೆ ಹಬ್ಬಿದೆ, ಮೂಲ ಕಾಂಡ ಸತ್ತುಹೋದರೂ ಬಿಳಲುಗಳೇ ಕಂಬಗಳಾಗಿ ನಿಂತಿವೆ. ಹೋದವರು ಫೋಟೋ ತೆಗೆಸಿಕೊಂಡು ಬರುತ್ತಾರೆ. ಕೆಳಗೆ ಯಾವ ಗಿಡ ಬೆಳೆದಿಲ್ಲ, ಯಾಕೆ ಎಂದು ಮಕ್ಕಳನ್ನು ಕೇಳಿ ನೋಡಿ.

ನಾವು ಹತ್ತನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಇಲ್ಲಿ ಹುತ್ತ, ಗದ್ದೆ ಎಲ್ಲಿಂದ ತರಲಿ?

ನಿಮ್ಮ ಬಾಲ್ಕನಿಗೆ ಬಲೆ ಹಾಕಿಸಿದ್ದೀರಲ್ಲ, ಯಾಕೆ? ಪಾರಿವಾಳ. ಅದಕ್ಕೆ ಕಲ್ಲುಬಂಡೆಯ ಚಾಚು ಬೇಕು, ನಿಮ್ಮ ಎಸಿ ಪೆಟ್ಟಿಗೆಯ ಹಿಂದಿನ ಜಾಗ ಹಾಗೇ ಇದೆ. ನಾಲ್ಕು ಕಡ್ಡಿ ತಂದು, ಹಿಕ್ಕೆ ಹಾಕಿ ಆ ಮೂಲೆಯನ್ನು ತನ್ನದು ಮಾಡಿಕೊಂಡಿತು. ಅದು ಬದಲಿಸಿದ್ದಕ್ಕೆ ನೀವು ಬಲೆ ಹಾಕಿ ಮತ್ತೆ ಬದಲಿಸಿದಿರಿ. ಪಾಠ ಮುಗಿಯಿತು. ಒಣ ಹಿಕ್ಕೆಯ ದೂಳು ಉಸಿರಿಗೆ ಒಳ್ಳೆಯದಲ್ಲ, ಮಗು ಗಾಜಿನ ಈಚೆಯಿಂದ ನೋಡಲಿ.

ಇನ್ನು ಕಿಟಕಿಯ ಚೌಕಟ್ಟಿನಲ್ಲಿ, ಬಳಸದ ಪ್ಲಗ್ಗಿನ ತೂತಿನಲ್ಲಿ ಕುಂಬಾರ ಹುಳು ಕಟ್ಟಿದ ಮಣ್ಣಿನ ಮಡಕೆ ಸಿಗುತ್ತದೆ. ಒಳಗೆ ಒಂದು ಮೊಟ್ಟೆ, ಮರಿಗೆ ಊಟಕ್ಕೆಂದು ಕುಟುಕಿ ಮಲಗಿಸಿದ ಕಂಬಳಿಹುಳು. ಸ್ವಲ್ಪ ಕ್ರೂರ ಕಥೆ, ಮಕ್ಕಳು ನಮಗಿಂತ ಗಟ್ಟಿಯಾಗಿ ಕೇಳಿಸಿಕೊಳ್ಳುತ್ತಾರೆ.

ನಾವು ಅಮೆರಿಕದಲ್ಲಿದ್ದೇವೆ. ಕಿಂಡರ್‌ಗಾರ್ಟನ್‌ನಲ್ಲೇ ಈ ಪಾಠ ಇದೆ, ಎಲ್ಲ ಬೀವರ್ ಬಗ್ಗೆ. ಮನೆಯಲ್ಲಿ ಕನ್ನಡದಲ್ಲಿ ಹೇಗೆ ಹೇಳಲಿ?

ಬೀವರ್, ಅಂದರೆ ನೀರಿನ ಬಳಿ ಬಾಳುವ ಇಲಿ ಜಾತಿಯ ದೊಡ್ಡ ಪ್ರಾಣಿ, ಚೆನ್ನಾದ ಉದಾಹರಣೆಯೇ, ನಿಮ್ಮ ಊರಿನ ಹೊಳೆಯಲ್ಲೇ ಇರಬಹುದು. ಹಲ್ಲಿನಲ್ಲಿ ಮರ ಕಡಿದು, ಕೊಂಬೆ ಕೆಸರು ಸೇರಿಸಿ ಒಡ್ಡು ಹಾಕುತ್ತದೆ. ಹರಿಯುವ ನೀರು ಕೆರೆಯಾಗುತ್ತದೆ, ಗೂಡಿನ ಬಾಗಿಲು ನೀರೊಳಗೆ ಮುಳುಗಿ ತೋಳದಿಂದ ರಕ್ಷಣೆ ಸಿಗುತ್ತದೆ. ಕೆನಡಾದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದಲ್ಲಿ ಬೀವರ್‌ಗಳು ಕಟ್ಟಿದ ಒಂದು ಒಡ್ಡು ಮುಕ್ಕಾಲು ಕಿಲೋಮೀಟರಿಗೂ ಉದ್ದವಿದೆ. 2007ರಲ್ಲಿ ಅದು ಕಣ್ಣಿಗೆ ಬಿದ್ದದ್ದು ಉಪಗ್ರಹ ಚಿತ್ರದಲ್ಲಿ. ಒಡ್ಡು, ಕೋಡಿ, ಹೂಳು, ತೂಬು ಎಂಬ ಪದಗಳೆಲ್ಲ ನಮ್ಮ ಕೆರೆಗಳಿಂದ ಸಿದ್ಧವಾಗಿ ಸಿಗುತ್ತವೆ, ಬಳಸಿ. ಬೀವರಿಗೆ ತೂಬು ಇಡಲು ಬರುವುದಿಲ್ಲ ಅಷ್ಟೇ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ತಾತನ ಹತ್ತಿರ ಕೆರೆ ಕೋಡಿ ಬಿದ್ದ ಕಥೆ ಹೇಳಿಸಿ, ಮಗು ಬೀವರ್ ಕಥೆ ಹೇಳಲಿ.

ಇಲ್ಲಿನ ಕೆಲವು ಖಾಸಗಿ ಶಾಲೆಗಳೂ ಬೀವರ್ ಚಿತ್ರ ಅಂಟಿಸಿ ಪಾಠ ಮಾಡುವುದನ್ನು ನೋಡಿದ್ದೇನೆ. ಭಾರತದಲ್ಲಿ ಬೀವರೇ ಇಲ್ಲ. ಕಿಟಕಿಯ ಆಚೆ ಹುತ್ತ ಇಟ್ಟುಕೊಂಡು ಯಾಕೆ ಈ ಪಾಡು?

ಮನುಷ್ಯನ ಬಗ್ಗೆ ಯಾವಾಗ, ಹೇಗೆ ಹೇಳಬೇಕು?

ಕೊನೆಗೆ ಪ್ರತ್ಯೇಕ ಅಧ್ಯಾಯವಾಗಿ ತರಬೇಡಿ, ಗೆದ್ದಲು ಏಡಿಗಳ ಸಾಲಿನಲ್ಲೇ ಕೂರಿಸಿ. ನಮಗೂ ಬೇಕು, ನಾವೂ ಬದಲಿಸುತ್ತೇವೆ. ಮನುಷ್ಯ ಎಂದ ಕೂಡಲೇ ಹಾಳು ಮಾಡುವವನು ಎಂದು ಶುರು ಮಾಡಿದರೆ ಆರು ವರ್ಷದ ಮಗು ತನ್ನಪ್ಪ ಜೆಸಿಬಿ ಓಡಿಸುವುದನ್ನು ನೆನೆದು ಅಳುತ್ತದೆ. ಕಂಡ ಮಾತಿದು.

ನಾನು ಹೇಳುವ ಕಥೆ ರಂಗನತಿಟ್ಟಿನದು. 17ನೇ ಶತಮಾನದಲ್ಲಿ ಹೊಲಕ್ಕೆ ನೀರು ಬೇಕೆಂದು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಕಟ್ಟೆ ಹಾಕಿದರು. ನೀರು ನಿಂತು ನಡುವೆ ನಡುಗಡ್ಡೆಗಳು ಉಳಿದವು, ಸುತ್ತ ನೀರಿರುವುದರಿಂದ ನರಿ ನಾಯಿಯ ಕಾಟವಿಲ್ಲದೆ ಕೊಕ್ಕರೆಗಳು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಮಹಾರಾಜರಿಗೆ ಹೇಳಿ 1940ರಲ್ಲಿ ಅದು ಪಕ್ಷಿಧಾಮವಾಯಿತು. ಕಟ್ಟೆ ಕಟ್ಟಿದವರು ಹಕ್ಕಿಯನ್ನು ನೆನೆದಿರಲಿಲ್ಲ, ಹುತ್ತ ಕಟ್ಟಿದ ಗೆದ್ದಲು ಹಾವನ್ನು ನೆನೆಯದ ಹಾಗೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದರ ತಿರುಗುಮುರುಗು ನೋಡಬಹುದು. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ಬೀಳುವ ಹಿಕ್ಕೆಯನ್ನು ಜನ ಒಟ್ಟು ಮಾಡಿ ಹೊಲಕ್ಕೆ ಹಾಕುತ್ತಾರೆ. ಹಕ್ಕಿಯಿಂದ ಹೊಲ ಬದಲಾಯಿತು, ಜನರಿಂದ ಹಕ್ಕಿಗೆ ಮರ ಉಳಿಯಿತು. ವಾಸನೆ ಸಹಿಸಬೇಕು, ಅದನ್ನೂ ಮಕ್ಕಳಿಗೆ ಹೇಳಿ.

ಸಾಲುಮರದ ತಿಮ್ಮಕ್ಕನವರ ಹೆಸರು ಎಲ್ಲ ಮಕ್ಕಳಿಗೂ ಗೊತ್ತು, 2019ರ ಪದ್ಮಶ್ರೀಯೂ ಗೊತ್ತು. ಗೊತ್ತಿಲ್ಲದ್ದು ಕೆಲಸದ ವಿವರ. ಹುಲಿಕಲ್‌ನಿಂದ ಕುದೂರಿನವರೆಗಿನ ರಸ್ತೆಗೆ 385 ಆಲದ ಮರ, ಗಂಡ ಚಿಕ್ಕಯ್ಯನವರ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ಒಂದು ಬಿಂದಿಗೆ ನೀರನ್ನು ಮಕ್ಕಳು ಸರದಿಯಲ್ಲಿ ಶಾಲೆಯ ಸುತ್ತ ಹೊರಲಿ. ಅರ್ಧ ದಾರಿಗೆ ನೀರು ಚೆಲ್ಲಿ ಸೋತ ಮೇಲೆ 385 ಎಂಬ ಅಂಕಿ ಮೈಗೆ ಹತ್ತುತ್ತದೆ.

ಕೆಡುಕಾದ ಬದಲಾವಣೆಯನ್ನು ಹೇಳಲೇಬಾರದೇ?

ಹೇಳಬೇಕು, ಒಂದನ್ನು ಗಟ್ಟಿಯಾಗಿ ಹೇಳಿ. ನನ್ನ ಆಯ್ಕೆ ಲಂಟಾನ. ಬಣ್ಣಬಣ್ಣದ ಹೂವಿನ ಅಂದಕ್ಕೆಂದು ಬ್ರಿಟಿಷರು ತಂದ ಗಿಡ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು, ಇವತ್ತು ಬಂಡೀಪುರದಂಥ ಕಾಡಿನ ನೆಲದಲ್ಲಿ ಹುಲ್ಲನ್ನು ಒತ್ತಿ ಬೆಳೆದುನಿಂತಿದೆ. ಜಿಂಕೆಗೆ ಮೇವು ಕಡಿಮೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದಲೇ ಕುರ್ಚಿ, ಮೇಜು ಮಾಡುತ್ತಾರೆ. ತಂದವರು ಮನುಷ್ಯರು, ಹರಡಿದ್ದು ಹಕ್ಕಿ, ಒತ್ತಿದ್ದು ಗಿಡ. ತಪ್ಪು ಯಾರದ್ದು ಎಂದು ಮೂರನೇ ತರಗತಿಯವರಿಗೆ ಬಿಟ್ಟರೆ ಒಂದು ಪೀರಿಯಡ್ ಸಾಲುವುದಿಲ್ಲ.

ಮಗುವಿಗೆ ಅರ್ಥವಾಗಿದೆ ಎಂದು ಹೇಗೆ ತಿಳಿಯುವುದು? ಬಿಟ್ಟ ಸ್ಥಳ ತುಂಬಿಸಿದರೆ ಸಾಕೇ?

ಸಾಲದು. ನಮ್ಮ ಕಾಂಪೌಂಡಿನ ಅರಳಿ ಗಿಡವನ್ನು ಕೀಳಬೇಕೋ ಬೇಡವೋ ಎಂದು ಕೇಳಿದೆ. "ಕೀಳ್ಬೇಕು, ಗೋಡೆ ಬಿದ್ರೆ ಹಸು ಒಳಗ್ ಬರ್ತಾವೆ" ಎಂದು ಒಬ್ಬಳು. "ಬ್ಯಾಡ, ಅಲ್ಲಿ ಅಳಿಲು ಕೂರುತ್ತೆ" ಎಂದು ಇನ್ನೊಬ್ಬ. "ಕಿತ್ತು ಕೆರೆ ಏರಿ ಹತ್ರ ನೆಡಾಣ" ಎಂದು ಮೂರನೆಯವಳು. ತಕ್ಷಣ ಮೊದಲನೆಯವಳು, "ಏರಿಗೂ ಬೇರು ಹೋಗಿ ಏರಿನೇ ಒಡುದ್ರೆ?" ಎಂದಳು. ಈ ಕೊನೆಯ ಮಾತು ಬಂದ ತರಗತಿಗೆ ಬೇರೆ ಪರೀಕ್ಷೆ ಬೇಕಿಲ್ಲ. ಗಿಡವನ್ನು ಕೊನೆಗೆ ಆಟದ ಮೈದಾನದ ಅಂಚಿಗೆ ಸಾಗಿಸಿದೆವು, ಎರಡು ತಿಂಗಳು ಬಾಡಿ ಆಮೇಲೆ ಚಿಗುರಿತು.

ಮಕ್ಕಳು ಕೇಳಿದ್ದಕ್ಕೆ ನನಗೇ ಉತ್ತರ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲ, ಹುಡುಕೋಣ ಎನ್ನಿ. ಒಮ್ಮೆ ಹುತ್ತ ನೋಡುತ್ತಿದ್ದಾಗ ಹುಡುಗಿಯೊಬ್ಬಳು "ಒಳಗೆಲ್ಲ ಕತ್ಲು ಅಲ್ವಾ ಮಿಸ್, ಅವಕ್ಕೆ ಹೆಂಗ್ ಕಾಣುತ್ತೆ?" ಎಂದಳು. ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಓದಿದೆ. ಹುತ್ತ ಕಟ್ಟುವ ಕೆಲಸಗಾರ ಗೆದ್ದಲುಗಳಿಗೆ ಕಣ್ಣೇ ಕಾಣುವುದಿಲ್ಲ, ಮುಟ್ಟಿ ಮೂಸಿಯೇ ಅಷ್ಟು ದೊಡ್ಡದು ಕಟ್ಟುತ್ತವೆ. ಮರುದಿನ ಹೇಳಿದೆ. ತರಗತಿ ಗಪ್‌ಚಿಪ್. ಆಮೇಲೆ ಅದೇ ಹುಡುಗಿ: "ಹಂಗಾದ್ರೆ ಅವಕ್ಕೆ ಹಗಲು ರಾತ್ರಿ ಎಲ್ಡೂ ಒಂದೇನಾ?"

ಅದಕ್ಕೂ ಹುಡುಕಿದೆ. ಬೆಂಗಳೂರಿನ ಹುತ್ತಗಳನ್ನೇ ಅಳೆದು ಹಾರ್ವರ್ಡ್‌ನ ಎಲ್. ಮಹದೇವನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸಿಕ್ಕಿತು. ಹಗಲು ಹುತ್ತದ ಹೊರಗೋಡೆ ಬೇಗ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇರಿ ನಡುಗೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಗೋಡೆ ಬೇಗ ತಣಿಯುತ್ತದೆ, ಗಾಳಿಯ ಓಟ ತಿರುಗುತ್ತದೆ. ಹೀಗೆ ದಿನಕ್ಕೊಂದು ಸುತ್ತು ಹುತ್ತ ಉಸಿರಾಡುತ್ತದೆ.

ಇದನ್ನು ಕೇಳಿದ ಮಾರನೇ ದಿನ ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ನಾಲ್ಕು ಮಕ್ಕಳು ಹತ್ತು ಹೆಜ್ಜೆಯ ಗೆರೆಯ ಮೇಲೆ ನಿಂತಿದ್ದರು, ಹುತ್ತದ ಕಡೆಗೆ ಕಿವಿ ಚಾಚಿಕೊಂಡು.